ಚುಕ್ಕಿ ದಾಟದ ನಕ್ಷತ್ರ: ಸಬ್‌ಡೊಮೈನ್‌ ಒಳಗಿನ ಸಬ್‌ಡೊಮೈನ್‌ಗೆ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಗದಗ ಕಡೆಯ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿಗಳ ಫೋನು. "ಮೇಡಮ್ಮಾರ, ನಿಮ್ಮ ಸೈಟಿನ್ಯಾಗ ಕಳ್ಳರು ಹೊಕ್ಕಾರೇನ್ರಿ? ಯಾರೋ ನಿಮ್ಮ ಮಾಹಿತಿ ಕದಿಯಾಕ ನೋಡಾಕತ್ತಾರ ಅಂತ ಕೆಂಪಗ ಬರಾಕತ್ತೇತಿ. ಹುಡುಗ್ರು ಎಲ್ಲಾರೂ ಟ್ರೇನಿಂಗಿಗೆ ಬಂದು ಕುಂತಾರ."

ಕಳ್ಳರು ಯಾರೂ ಹೊಕ್ಕಿರಲಿಲ್ಲ. ತಪ್ಪು ನನ್ನದು.

ಹುಬ್ಬಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸರ್ವರ್, ಡೊಮೈನ್, ಪ್ರಿಂಟರ್ ನನ್ನ ಪಾಲಿಗೆ. ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದೂ ನಾನೇ. ಒಂದೊಂದು ಸಂಘಕ್ಕೆ ಒಂದೊಂದು ಸಬ್‌ಡೊಮೈನ್ ಕೊಡುವುದು ಮೊದಲಿನಿಂದ ಬಂದ ಪದ್ಧತಿ. ನಮ್ಮ ನಿಜವಾದ ಡೊಮೈನ್ ಇಲ್ಲಿ ಬೇಡ. ಉದಾಹರಣೆಗೆಂದೇ ಮೀಸಲಿಟ್ಟಿರುವ ಎಕ್ಸಾಂಪಲ್.ಕಾಂ ಇಟ್ಟುಕೊಳ್ಳೋಣ. ಹಾಗಾದರೆ ಗದಗದವರ ವಿಳಾಸ ಗದಗ.ಎಕ್ಸಾಂಪಲ್.ಕಾಂ. ಹೊಸ ಸಿಬ್ಬಂದಿ ಕೈ ಪಳಗಿಸಿಕೊಳ್ಳಲಿ ಎಂದು ಅದರೊಳಗೆ ಇನ್ನೊಂದು ಸೈಟ್ ಮಾಡಿ ಕಲಿಕೆ.ಗದಗ.ಎಕ್ಸಾಂಪಲ್.ಕಾಂ ಎಂದು ಹೆಸರಿಟ್ಟಿದ್ದೆ. ಸೈಟ್ ನಮ್ಮದೇ ಎಂದು ಬ್ರೌಸರ್‌ಗೆ ರುಜುವಾತು ಕೊಡುವ ಸರ್ಟಿಫಿಕೇಟ್ ಹೇಗೂ *.ಎಕ್ಸಾಂಪಲ್.ಕಾಂ ಎಂದು ನಕ್ಷತ್ರ ಹಾಕಿದ್ದು, ಅಂದರೆ ವೈಲ್ಡ್‌ಕಾರ್ಡ್, ಇತ್ತಲ್ಲ! ದುಡ್ಡು ಕೊಟ್ಟು ತಂದದ್ದು, ಮಾರಿದವರ ಬಿಲ್ಲಿನಲ್ಲಿ 'ಅನ್‌ಲಿಮಿಟೆಡ್ ಸಬ್‌ಡೊಮೈನ್' ಎಂದು ದಪ್ಪಕ್ಷರದಲ್ಲೇ ಇತ್ತು. ಆ ಮಾತು ಸುಳ್ಳಲ್ಲ. ಅಗಲಕ್ಕೆ ಎಷ್ಟು ಬೇಕಾದರೂ ಹೋಗಬಹುದು, ಆಳಕ್ಕೆ ಒಂದೇ ಮೆಟ್ಟಿಲು ಎನ್ನುವುದನ್ನು ಮಾತ್ರ ಬಿಲ್ಲಿನ ಮೇಲೆ ಯಾರೂ ಬರೆಯುವುದಿಲ್ಲ.

ಹೆಸರು, ಆಪ್ಷನ್ ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಇನ್ನೊಂದು ಮಾತು. ನಮ್ಮ ಕಡೆ ಚುಕ್ಕಿ ಎಂದರೆ ಬಿಂದುವೂ ಹೌದು, ಆಕಾಶದಲ್ಲಿ ಮಿನುಗುವುದೂ ಹೌದು. ಈ ಬರಹದ ಮಟ್ಟಿಗೆ ಹೆಸರಿನ ನಡುವಿನ ಬಿಂದುವಿಗೆ ಚುಕ್ಕಿ, * ಗುರುತಿಗೆ ನಕ್ಷತ್ರ.

ಮೊದಲು ನಿಯಮ

ಚುಕ್ಕಿಗಳು ಹೆಸರನ್ನು ತುಂಡು ಮಾಡುತ್ತವೆ, ಸರ್ಟಿಫಿಕೇಟಿನ ನಕ್ಷತ್ರ ಅದರಲ್ಲಿ ಒಂದೇ ತುಂಡಿನ ಜಾಗ ತುಂಬುತ್ತದೆ. ಅದೂ ಎಡತುದಿಯ ತುಂಡು ಮಾತ್ರ. ಚುಕ್ಕಿಯನ್ನು ಅದು ದಾಟುವುದಿಲ್ಲ. *.ಎಕ್ಸಾಂಪಲ್.ಕಾಂ ನಿಮ್ಮ ಕೈಯಲ್ಲಿದೆ ಎನ್ನಿ:

ಗದಗ.ಎಕ್ಸಾಂಪಲ್.ಕಾಂ: ನಡೆಯುತ್ತದೆ.
ಕಲಿಕೆ.ಗದಗ.ಎಕ್ಸಾಂಪಲ್.ಕಾಂ: ನಡೆಯುವುದಿಲ್ಲ.
ಡಬ್ಲ್ಯುಡಬ್ಲ್ಯುಡಬ್ಲ್ಯು.ಗದಗ.ಎಕ್ಸಾಂಪಲ್.ಕಾಂ: ಇದೂ ಇಲ್ಲ. ಕೆಲವರು ಯಾವ ವಿಳಾಸ ಕೊಟ್ಟರೂ ಮುಂದೆ ಮೂರು ಡಬ್ಲ್ಯು ಸೇರಿಸಿಯೇ ಟೈಪ್ ಮಾಡುತ್ತಾರೆ, ಅವರನ್ನು ನೆನಪಿಡಿ.
ಎಕ್ಸಾಂಪಲ್.ಕಾಂ: ಇದೂ ಇಲ್ಲ. ನಕ್ಷತ್ರದ ಜಾಗದಲ್ಲಿ ಒಂದು ತುಂಡು ಇರಲೇಬೇಕು, ಖಾಲಿ ಬಿಡುವಂತಿಲ್ಲ.

ನೆನಪಿಟ್ಟುಕೊಳ್ಳಲು ಸುಲಭ ಉಪಾಯ ಚುಕ್ಕಿ ಎಣಿಸುವುದು. *.ಎಕ್ಸಾಂಪಲ್.ಕಾಂ ಎಂಬುದರಲ್ಲಿ ಎರಡು ಚುಕ್ಕಿ. ಹೆಸರಿನಲ್ಲೂ ಎರಡೇ ಇದ್ದರೆ ಮುಂದೆ ನೋಡಬಹುದು. ಮೂರಿದ್ದರೆ ಅಲ್ಲಿಗೇ ಬಿಡಿ.

ಇದು ಇತ್ತೀಚಿನ ಕಟ್ಟಳೆಯೇನಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿ, 2000ನೇ ಇಸವಿಯ ಆರ್‌ಎಫ್‌ಸಿ 2818ರಲ್ಲೇ ಹೀಗಿದೆ. ಆಗ ಇನ್ನೂ ಕೊಂಚ ಸಡಿಲ ಇತ್ತು, ತುಂಡಿನ ಅರ್ಧಕ್ಕೆ ನಕ್ಷತ್ರ ಹಾಕಿ 'ಗ*' ಎನ್ನುವಂಥ ಹೆಸರನ್ನೂ ಒಪ್ಪುತ್ತಿದ್ದರು. 2011ರ ಆರ್‌ಎಫ್‌ಸಿ 6125 ಅದನ್ನು ಬಿಗಿ ಮಾಡುತ್ತ ಬಂತು. 2023ರ ಆರ್‌ಎಫ್‌ಸಿ 9525 ಅರ್ಧ ತುಂಡಿನ ಆಟವನ್ನು ಪೂರ್ತಿ ನಿಲ್ಲಿಸಿತು: ಎಡತುದಿಯ ಇಡೀ ತುಂಡು ನಕ್ಷತ್ರವಾಗಿರಬೇಕು, ಬೇರೆಲ್ಲೂ ನಕ್ಷತ್ರ ಕೂಡದು. ಹಾಗಾಗಿ *.*.ಎಕ್ಸಾಂಪಲ್.ಕಾಂ ಎಂದು ಕೇಳಿದರೆ ಯಾವ ಸಾರ್ವಜನಿಕ ಸಿಎಯೂ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕೊಡುವುದಿಲ್ಲ. ಕಲಿಕೆ.*.ಎಕ್ಸಾಂಪಲ್.ಕಾಂ ಎಂದರೂ ಕೊಡುವುದಿಲ್ಲ. ನಾನು ಎರಡನ್ನೂ ಕೇಳಿ ನೋಡಿದವಳು.

ಹಾಗಿದ್ದ ಮೇಲೆ ಸೈಟ್ ತೆರೆದದ್ದು ಹೇಗೆ?

ನಾನು ಎಡವಿದ್ದು ಇಲ್ಲಿ. ನನ್ನನ್ನು ತಡೆದು ನಿಲ್ಲಿಸಬೇಕಾಗಿದ್ದ ಬಾಗಿಲುಗಳೆಲ್ಲ ತಾವೇ ತೆರೆದುಕೊಂಡವು. ನಕ್ಷತ್ರ ಎಲ್ಲೆಡೆ ಒಂದೇ ಥರ ಕಾಣುತ್ತದೆ, ಅರ್ಥ ಮಾತ್ರ ಜಾಗಕ್ಕೊಂದು. ನಮ್ಮೂರಿನವರಿಗೆ ಹೀಗೆ ಹೇಳುತ್ತೇನೆ: ಭೂಮಿ ಪಹಣಿಯಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ 112/*/2 ಎಂದು ನಕ್ಷತ್ರ ಇರುತ್ತದಲ್ಲ, ಅಲ್ಲಿ ಅದರ ಅರ್ಥ 'ಈ ಕಾಲಂನಲ್ಲಿ ಏನೂ ಇಲ್ಲ' ಎಂದು. ಅದನ್ನೇ 'ಯಾವುದು ಬೇಕಾದರೂ' ಎಂದು ಓದಿಕೊಂಡವನು ಪಕ್ಕದವರ ಹೊಲಕ್ಕೆ ಬೇಲಿ ಹಾಕಿಯಾನು.

ಡಿಎನ್‌ಎಸ್ ಎಂದರೆ ಸೈಟಿನ ಹೆಸರು ಕೇಳಿದರೆ ಸರ್ವರ್‌ನ ಐಪಿ ನಂಬರು ಹೇಳುವ ವ್ಯವಸ್ಥೆ, ಆ ನಂಬರು ಬರೆದಿಡುವ ಸಾಲು ಎ ರೆಕಾರ್ಡ್. ಅಲ್ಲಿ *.ಎಕ್ಸಾಂಪಲ್.ಕಾಂ ಎಂದು ಎ ರೆಕಾರ್ಡ್ ಹಾಕಿದರೆ ಆ ನಕ್ಷತ್ರ ಎಷ್ಟು ಚುಕ್ಕಿ ಬೇಕಾದರೂ ದಾಟುತ್ತದೆ. ಗದಗಕ್ಕೂ ಅದೇ ಐಪಿ, ಕಲಿಕೆ.ಗದಗಕ್ಕೂ ಅದೇ ಐಪಿ. ಆದರೆ ನಡುವಿನ ಹೆಸರಿಗೆ ಸ್ವಂತ ರೆಕಾರ್ಡ್ ಇದ್ದರೆ ಅಲ್ಲಿಂದ ಒಳಗೆ ಅದು ಹೋಗುವುದಿಲ್ಲ. ಹಾವೇರಿಯ ಸಂಘಕ್ಕೆ ಪ್ರತ್ಯೇಕ ಸರ್ವರ್ ಇರುವುದರಿಂದ ಹಾವೇರಿ.ಎಕ್ಸಾಂಪಲ್.ಕಾಂ ಎಂದೇ ಬೇರೆ ಎ ರೆಕಾರ್ಡ್ ಹಾಕಿದ್ದೆ, ಕಲಿಕೆ.ಹಾವೇರಿ ಎಂದು ಹುಡುಕಿದರೆ 'ಅಂಥ ಹೆಸರೇ ಇಲ್ಲ' ಎಂಬ ಉತ್ತರ. ಇದು 2006ರ ಆರ್‌ಎಫ್‌ಸಿ 4592ರ ಲೆಕ್ಕ. ಮುಂದೆ ಇದೇ ಲೆಕ್ಕ ನನಗೆ ಆರು ತಿಂಗಳು ನೀರು ಕುಡಿಸಿತು, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸರ್ವರ್_ನೇಮ್‌ನಲ್ಲಿ *.ಎಕ್ಸಾಂಪಲ್.ಕಾಂ ಎಂದು ಬರೆದರೂ ಅಷ್ಟೇ, ಒಳಗಿನ ಹೆಸರುಗಳೆಲ್ಲ ಅದಕ್ಕೆ ಹೊಂದುತ್ತವೆ. ಲಾಗಿನ್ ಆದದ್ದನ್ನು ಬ್ರೌಸರ್ ನೆನಪಿಡುವ ಕುಕಿಯ ಡೊಮೈನ್‌ಗೆ ಎಕ್ಸಾಂಪಲ್.ಕಾಂ ಎಂದು ಕೊಟ್ಟರೆ ಅದೂ ಎಲ್ಲ ಆಳಕ್ಕೂ ಹೋಗುತ್ತದೆ. ಹೀಗೆ ಡಿಎನ್‌ಎಸ್ ಹೌದು ಎಂದಿತು, ವೆಬ್ ಸರ್ವರ್ ಹೌದು ಎಂದಿತು, ಲಾಗಿನ್ ಕುಕಿ ಹೌದು ಎಂದಿತು. ನಾನು ಪರೀಕ್ಷಿಸಿದ್ದು ಟರ್ಮಿನಲ್‌ನಿಂದ ಸೈಟ್ ತೆರೆಯುವ ಕರ್ಲ್‌ನಲ್ಲಿ, ಅದೂ 'ಕೆ' ಆಪ್ಷನ್ ಕೊಟ್ಟು. ಆ ಆಪ್ಷನ್‌ನ ಕೆಲಸವೇ ಸರ್ಟಿಫಿಕೇಟ್ ತಪಾಸಣೆ ಬಿಟ್ಟುಬಿಡುವುದು. ಕೈಗೆ ಅಂಟಿದ ಚಟ.

ಸಾಮಾನ್ಯವಾಗಿ ಕೆಂಪು ಪರದೆಯಲ್ಲಿ 'ಅಡ್ವಾನ್ಸ್ಡ್' ಒತ್ತಿ ಒಳಗೆ ಹೋಗುವ ದಾರಿಯೊಂದು ಇರುತ್ತದೆ. ಕಾರ್ಯದರ್ಶಿಗಳಿಗೆ ಅದೂ ಸಿಗಲಿಲ್ಲ. ಹಿಂದಿನ ತಿಂಗಳಷ್ಟೇ ಎಚ್‌ಎಸ್‌ಟಿಎಸ್ ಹೆಡರ್ (ಸುರಕ್ಷಿತ ಸಂಪರ್ಕದಲ್ಲೇ ಬಾ ಎಂದು ಸೈಟ್ ಬ್ರೌಸರ್‌ಗೆ ಹೇಳುವ ಸೂಚನೆ) ಹಾಕುವಾಗ 'ಇನ್‌ಕ್ಲೂಡ್ ಸಬ್‌ಡೊಮೈನ್ಸ್' ಎಂಬುದನ್ನೂ ಸೇರಿಸಿದ್ದೆ. ಅವರು ದಿನಾ ಗದಗ.ಎಕ್ಸಾಂಪಲ್.ಕಾಂ ತೆರೆಯುವವರು, 'ಈ ಹೆಸರು, ಇದರ ಕೆಳಗಿನದೆಲ್ಲ ಸುರಕ್ಷಿತ ಸಂಪರ್ಕದಲ್ಲೇ ತೆರೆಯಬೇಕು, ರಿಯಾಯಿತಿ ಇಲ್ಲ' ಎಂದು ಅವರ ಬ್ರೌಸರ್ ಬರೆದಿಟ್ಟುಕೊಂಡಿತ್ತು. ಎಚ್‌ಎಸ್‌ಟಿಎಸ್‌ನ ಈ ಮಾತು ಎಲ್ಲ ಮೆಟ್ಟಿಲಿಗೂ ಅನ್ವಯ, ಸರ್ಟಿಫಿಕೇಟಿನದು ಒಂದೇ ಮೆಟ್ಟಿಲಿಗೆ. ಇವೆರಡರ ನಡುವಿನ ಸಂದಿಯಲ್ಲಿ ಸಿಕ್ಕಿದ ಹೆಸರಿಗೆ ಹಿಂದೆ ಮುಂದೆ ದಾರಿಯಿಲ್ಲ. ಈ ಆಯ್ಕೆ ಹಾಕುವ ಮೊದಲು ಒಳಗಿನ ಹೆಸರುಗಳ ಪಟ್ಟಿ ಬರೆದು ನೋಡಿ.

ಕ್ರೋಮ್ ತೋರಿಸುವ ಎರರ್‌ನ ಹೆಸರಿನಲ್ಲಿ 'ಕಾಮನ್ ನೇಮ್ ಇನ್‌ವ್ಯಾಲಿಡ್' ಎಂದಿರುತ್ತದೆ. ಅದನ್ನು ನಂಬಿ ಕಾಮನ್ ನೇಮ್ ತಿದ್ದಲು ಹೋಗಬೇಡಿ. 2017ರಲ್ಲಿ ಬಂದ ಕ್ರೋಮ್ 58ರಿಂದ ಈಚೆಗೆ ಆ ಜಾಗವನ್ನು ಅದು ನೋಡುವುದೇ ಇಲ್ಲ. ನೋಡುವುದು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಪಟ್ಟಿಯನ್ನು, ಅಂದರೆ ಎಸ್‌ಎಎನ್.

ಸರ್ಟಿಫಿಕೇಟ್‌ಗಿಂತ ಮೊದಲು ಹೆಸರು ಸರಿ ಮಾಡಿ

ಆ ಸೋಮವಾರ ನಾನು ಮಾಡಿದ್ದು ತೇಪೆ. ಆ ಒಂದೇ ಹೆಸರಿಗೆ, ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಸಿಎಯಾದ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸಾದಾ ಸರ್ಟಿಫಿಕೇಟ್ ತಂದು ಹಾಕಿದೆ. ಹನ್ನೊಂದಕ್ಕೆ ಟ್ರೇನಿಂಗ್ ಶುರುವಾಯಿತು. ನಿಮ್ಮಲ್ಲೂ ಒಳಗಿನ ಹೆಸರು ಒಂದೆರಡೇ ಇದ್ದರೆ ಇಷ್ಟೇ ಸಾಕು, ವೈಲ್ಡ್‌ಕಾರ್ಡಿನ ಗೊಡವೆ ಬೇಡ. ನನಗೆ ಸಾಲಲಿಲ್ಲ. ಮುಂದಿನ ವಾರ ಹಾವೇರಿ, ಅದರಾಚೆ ಕುಂದಗೋಳ, ನರಗುಂದ, ಎಲ್ಲರಿಗೂ ಕಲಿಕೆಯ ಸೈಟ್ ಬೇಕಿತ್ತು.

ಸಂಜೆ ಹಾಳೆಯ ಮೇಲೆ ಎರಡು ಕಾಲಂ ಹಾಕಿ ಬರೆದೆ. ಕಲಿಕೆ.ಗದಗ, ಕಲಿಕೆ.ಹಾವೇರಿ, ಕಲಿಕೆ.ನರಗುಂದ ಹೀಗೆ ಹೋದರೆ *.ಗದಗ.ಎಕ್ಸಾಂಪಲ್.ಕಾಂ, *.ಹಾವೇರಿ.ಎಕ್ಸಾಂಪಲ್.ಕಾಂ ಎಂದು ಸಂಘಕ್ಕೊಂದು ವೈಲ್ಡ್‌ಕಾರ್ಡ್ ಬೇಕು. ಸಂಘ ಹೆಚ್ಚಿದಂತೆಲ್ಲ ಸರ್ಟಿಫಿಕೇಟ್ ಹೆಚ್ಚುತ್ತದೆ. ಅದನ್ನೇ ತಿರುವಿ ಹಾಕಿ ಗದಗ.ಕಲಿಕೆ, ಹಾವೇರಿ.ಕಲಿಕೆ, ನರಗುಂದ.ಕಲಿಕೆ ಎಂದರೆ? *.ಕಲಿಕೆ.ಎಕ್ಸಾಂಪಲ್.ಕಾಂ ಎಂಬ ಒಂದೇ ಒಂದು ಸಾಲು ಎಲ್ಲರಿಗೂ ಸಾಕು, ನಾಳೆ ಬರುವವರಿಗೂ.

ಈ ಬರಹದಲ್ಲಿ ಒಂದನ್ನೇ ಒಯ್ಯುವುದಿದ್ದರೆ ಇದನ್ನು ಒಯ್ಯಿರಿ: ಬದಲಾಗುವ ತುಂಡು ಎಡತುದಿಗೆ, ಬದಲಾಗದ ತುಂಡು ನಡುವೆ. ಇದಕ್ಕೆ ನಾವೆಲ್ಲ ನೋಡಿರುವ ಉದಾಹರಣೆಯೇ ಇದೆ. ಕನ್ನಡ ವಿಕಿಪೀಡಿಯದ ವಿಳಾಸ ಕೆಎನ್.ವಿಕಿಪೀಡಿಯ.ಆರ್ಗ್, ಅದರ ಮೊಬೈಲ್ ರೂಪಕ್ಕೆ ಬಹಳ ವರ್ಷ ಇದ್ದದ್ದು ಕೆಎನ್.ಎಂ.ವಿಕಿಪೀಡಿಯ.ಆರ್ಗ್. ಭಾಷೆ ಎಡತುದಿಯಲ್ಲಿ, 'ಎಂ' ನಡುವೆ. ಅವರ ಸರ್ಟಿಫಿಕೇಟಿನಲ್ಲಿ *.ವಿಕಿಪೀಡಿಯ.ಆರ್ಗ್ ಪಕ್ಕದಲ್ಲೇ *.ಎಂ.ವಿಕಿಪೀಡಿಯ.ಆರ್ಗ್ ಎಂದು ಇನ್ನೊಂದು ಸಾಲು. ಮುನ್ನೂರಕ್ಕೂ ಹೆಚ್ಚು ಭಾಷೆಗಳ ಮೊಬೈಲ್ ಸೈಟಿಗೆ ಅಷ್ಟೇ ಸಾಕಾಗಿತ್ತು. ಎಂ.ಕೆಎನ್ ಎಂದು ಹೆಸರಿಟ್ಟಿದ್ದರೆ ಭಾಷೆಗೊಂದು ನಕ್ಷತ್ರ ಬೇಕಾಗುತ್ತಿತ್ತು.

ಇನ್ನೂ ಸರಳ ದಾರಿ ಬೇಕೆಂದರೆ ಆ ಚುಕ್ಕಿಯನ್ನೇ ತೆಗೆದು ಅಡ್ಡಗೆರೆ ಹಾಕಿ: ಗದಗ-ಕಲಿಕೆ.ಎಕ್ಸಾಂಪಲ್.ಕಾಂ. ಚುಕ್ಕಿ ಎರಡಕ್ಕೆ ಇಳಿಯಿತು, ಹಳೆಯ ಸರ್ಟಿಫಿಕೇಟ್ ಸಾಕಾಯಿತು, ಹೊಸದಾಗಿ ಏನೂ ಮಾಡಬೇಕಿಲ್ಲ. ಹೊಸದಾಗಿ ಶುರುಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನಾನೇಕೆ ಹಾಗೆ ಮಾಡಲಿಲ್ಲ? ಕಲಿಕೆಯ ಸರ್ವರ್‌ಗೆ ತರಬೇತಿಗೆ ಬಂದ ಹುಡುಗರಿಂದ ಹಿಡಿದು ಎಲ್ಲರೂ ಕೈ ಹಾಕುತ್ತಾರೆ, ಪಾಸ್‌ವರ್ಡ್ ಗೋಡೆಗೆ ಅಂಟಿಸಿರುತ್ತದೆ. ಅಲ್ಲಿ *.ಎಕ್ಸಾಂಪಲ್.ಕಾಂನ ಪ್ರೈವೇಟ್ ಕೀ (ಸರ್ಟಿಫಿಕೇಟಿನ ಜೋಡಿಯಾದ ಗುಟ್ಟಿನ ಫೈಲ್) ಇಟ್ಟರೆ ಅದು ಸೋರಿದ ದಿನ ನಿಜವಾದ ಲೆಕ್ಕವಿರುವ ಸೈಟುಗಳ ವೇಷವನ್ನೂ ಯಾರಾದರೂ ಹಾಕಬಹುದು. *.ಕಲಿಕೆ.ಎಕ್ಸಾಂಪಲ್.ಕಾಂ ಬೇರೆ ಸರ್ಟಿಫಿಕೇಟ್, ಬೇರೆ ಕೀ ಆದರೆ ಸೋರಿದರೂ ನಷ್ಟ ಕಲಿಕೆಯ ಮನೆಯೊಳಗೇ ಉಳಿಯುತ್ತದೆ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ 2021ರ ಅಕ್ಟೋಬರ್‌ನಲ್ಲಿ ವೈಲ್ಡ್‌ಕಾರ್ಡನ್ನು ಸಿಕ್ಕಸಿಕ್ಕ ಸರ್ವರ್‌ಗೆಲ್ಲ ಹಂಚಬೇಡಿ ಎಂದು ಎಚ್ಚರಿಕೆ ಹೊರಡಿಸಿದ್ದೂ ಇಂಥದ್ದೇ ಕಾರಣಕ್ಕೆ. ಆ ಬೆಳಿಗ್ಗೆ ನಾನು ಬೈದುಕೊಂಡ ನಿಯಮವೇ ಇಲ್ಲಿ ನನ್ನ ಪರವಾಗಿ ನಿಂತಿತು.

ಸರ್ಟಿಫಿಕೇಟ್ ತರುವುದು

ಲೆಟ್ಸ್ ಎನ್‌ಕ್ರಿಪ್ಟ್ 2018ರ ಮಾರ್ಚ್ 13ರಿಂದ ವೈಲ್ಡ್‌ಕಾರ್ಡನ್ನು ಪುಕ್ಕಟೆ ಕೊಡುತ್ತಿದೆ. ಷರತ್ತು ಒಂದೇ, ಡಿಎನ್‌ಎಸ್-01 ವಿಧಾನದಲ್ಲಿ ರುಜುವಾತು ಕೊಡಬೇಕು. ವೆಬ್ ಸರ್ವರ್‌ನಲ್ಲಿ ಫೈಲ್ ಇಟ್ಟು ತೋರಿಸುವ ಎಚ್‌ಟಿಟಿಪಿ-01 ನಡೆಯುವುದಿಲ್ಲ. ನ್ಯಾಯವೇ ಅಲ್ಲವೇ: ಒಂದು ಸೈಟಿನಲ್ಲಿ ಫೈಲ್ ಇಡಬಲ್ಲವನು ಇಡೀ ಡೊಮೈನಿನ ಯಜಮಾನ ಎಂದು ಹೇಗೆ ನಂಬುವುದು? ಬೇರೆ ಸಿಎಗಳೂ ಫೈಲ್ ನೋಡಿ ವೈಲ್ಡ್‌ಕಾರ್ಡ್ ಕೊಡಕೂಡದೆಂದು, ಸಿಎಗಳೂ ಬ್ರೌಸರ್‌ನವರೂ ಸೇರಿದ ಸಿಎ/ಬ್ರೌಸರ್ ಫೋರಂ 2021ರ ಡಿಸೆಂಬರ್‌ನಿಂದ ನಿಯಮ ಮಾಡಿದೆ.

ನಾನು ಎರಡು ಸರ್ಟಿಫಿಕೇಟ್ ಕೇಳಿದೆ. ಮೊದಲನೆಯದರಲ್ಲಿ ಎಕ್ಸಾಂಪಲ್.ಕಾಂ ಮತ್ತು *.ಎಕ್ಸಾಂಪಲ್.ಕಾಂ. ಎರಡನೆಯದರಲ್ಲಿ ಕಲಿಕೆ.ಎಕ್ಸಾಂಪಲ್.ಕಾಂ ಮತ್ತು *.ಕಲಿಕೆ.ಎಕ್ಸಾಂಪಲ್.ಕಾಂ. ಕೀ ಬೇರೆ ಇಡುವ ಅಗತ್ಯ ನಿಮಗಿಲ್ಲದಿದ್ದರೆ ಎಲ್ಲವನ್ನೂ ಒಂದರಲ್ಲೇ ಹಾಕಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಒಂದು ಸರ್ಟಿಫಿಕೇಟಿಗೆ 100 ಹೆಸರಿನವರೆಗೆ ಒಪ್ಪುತ್ತದೆ. ಹಾಗೆ ಒಂದರಲ್ಲೇ ಹಾಕುವಾಗ ಕಲಿಕೆ.ಎಕ್ಸಾಂಪಲ್.ಕಾಂ ಎಂಬುದನ್ನು ಬಿಡಿ. *.ಎಕ್ಸಾಂಪಲ್.ಕಾಂ ಅದನ್ನು ಆಗಲೇ ಒಳಗೊಂಡಿದೆ, ಎರಡೂ ಇದ್ದರೆ 'ಇದು ವೈಲ್ಡ್‌ಕಾರ್ಡಿನಲ್ಲೇ ಇದೆ' ಎಂದು ಅರ್ಜಿ ವಾಪಸ್ ಬರುತ್ತದೆ. *.ಕಲಿಕೆ ಇದ್ದರೆ ವಾಪಸ್ ಬರುವುದಿಲ್ಲ. ನಿಯಮ ಅರ್ಥವಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಸರ್ಟಿಫಿಕೇಟ್ ತಂದು ರಿನ್ಯೂ ಮಾಡುವ ಪ್ರೋಗ್ರಾಮ್ ಸರ್ಟ್‌ಬಾಟ್‌. ಅದಕ್ಕೆ ಪ್ರತಿ ಹೆಸರನ್ನೂ 'ಡಿ' ಆಪ್ಷನ್ ಜೊತೆ ಕೊಡಬೇಕು. ನಕ್ಷತ್ರವಿರುವ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ, ಇಲ್ಲವಾದರೆ ಶೆಲ್ ತಾನೇ ಅದನ್ನು ಫೈಲ್ ಹೆಸರೆಂದು ಬಿಡಿಸಲು ಹೋಗಬಹುದು. ಮೊದಲ ಸಲ 'ಡ್ರೈ ರನ್', ಅಂದರೆ ಬರೀ ತಾಲೀಮು ಮಾಡಿ. ತಪ್ಪು ಮಾಡುತ್ತ ಮಾಡುತ್ತ ಲೆಟ್ಸ್ ಎನ್‌ಕ್ರಿಪ್ಟ್‌ನ ಮಿತಿ ತಲುಪಿ ಕೈಕಟ್ಟಿ ಕೂರುವುದು ತಪ್ಪುತ್ತದೆ.

ಆಮೇಲೆ ಸರ್ಟ್‌ಬಾಟ್ ಕೊಟ್ಟ ಮೌಲ್ಯವನ್ನು ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ (ಬರೀ ಪಠ್ಯ ಇಡುವ ಸಾಲು) ಆಗಿ ಹಾಕಬೇಕು. ರೆಕಾರ್ಡಿನ ಹೆಸರಿನಲ್ಲಿ ನಕ್ಷತ್ರ ಇರುವುದಿಲ್ಲ. *.ಕಲಿಕೆ.ಎಕ್ಸಾಂಪಲ್.ಕಾಂಗೆ ಹಾಕಬೇಕಾದದ್ದು _ಆಕ್ಮೆ-ಚಾಲೆಂಜ್.ಕಲಿಕೆ.ಎಕ್ಸಾಂಪಲ್.ಕಾಂ ಎಂಬ ಹೆಸರಿಗೆ. ನಕ್ಷತ್ರವಿಲ್ಲದ ಕಲಿಕೆ.ಎಕ್ಸಾಂಪಲ್.ಕಾಂಗೂ ಅದೇ ಹೆಸರು, ಮೌಲ್ಯ ಮಾತ್ರ ಬೇರೆ. ಎರಡನೆಯದನ್ನು ಹಾಕುವಾಗ ಮೊದಲನೆಯದನ್ನು ಅಳಿಸಬೇಡಿ, ಒಂದೇ ಹೆಸರಿನಲ್ಲಿ ಎರಡೂ ಒಟ್ಟಿಗೆ ಇರಬೇಕು. ಇಲ್ಲಿ ಎಡವದವರನ್ನು ನಾನು ಕಂಡಿಲ್ಲ. ಇನ್ನೊಂದು ಎಡವಟ್ಟು ಡಿಎನ್‌ಎಸ್ ಪ್ಯಾನೆಲ್‌ನದು: ಕೆಲವು ಪ್ಯಾನೆಲ್‌ಗಳು ನೀವು ಬರೆದದ್ದರ ಹಿಂದೆ ಡೊಮೈನನ್ನು ತಾವೇ ಅಂಟಿಸುತ್ತವೆ. ಪೂರ್ತಿ ಹೆಸರು ಬರೆದರೆ ಕೊನೆಗೆ ಎಕ್ಸಾಂಪಲ್.ಕಾಂ.ಎಕ್ಸಾಂಪಲ್.ಕಾಂ ಆಗುತ್ತದೆ. ಅಲ್ಲಿ _ಆಕ್ಮೆ-ಚಾಲೆಂಜ್.ಕಲಿಕೆ ಎಂದಷ್ಟೇ ಬರೆಯಿರಿ. ಹಾಕಿದ ಮೇಲೆ 'ಡಿಗ್' ಕಮಾಂಡಿನಿಂದ ನಿಮ್ಮ ಡೊಮೈನಿನ ನೇಮ್‌ಸರ್ವರ್‌ನ್ನೇ ನೇರವಾಗಿ ಕೇಳಿ ನೋಡಿ, ಮನೆಯ ಬ್ರಾಡ್‌ಬ್ಯಾಂಡ್‌ನವರ ಸರ್ವರ್‌ನ ಉತ್ತರ ನಂಬಬೇಡಿ.

ಕೈಯಿಂದ ಟಿಎಕ್ಸ್‌ಟಿ ಹಾಕುವ 'ಮ್ಯಾನ್ಯುಯಲ್' ವಿಧಾನ ಕಲಿಯಲು ಚೆನ್ನ. ನಡೆಸಿಕೊಂಡು ಹೋಗಲು ಅಲ್ಲ, ಅದು ತಾನಾಗಿ ರಿನ್ಯೂ ಆಗುವುದಿಲ್ಲ. ನಿಮ್ಮ ಡಿಎನ್‌ಎಸ್‌ನವರಿಗೆ ಎಪಿಐ (ಪ್ರೋಗ್ರಾಮಿನಿಂದಲೇ ರೆಕಾರ್ಡ್ ತಿದ್ದುವ ದಾರಿ) ಇದ್ದರೆ ಅದರ ಪ್ಲಗಿನ್ ಬಳಸಿ. ಎಪಿಐ ಟೋಕನ್ ಇಡೀ ಡೊಮೈನನ್ನೇ ತಿದ್ದಬಲ್ಲದು, ಅದನ್ನು ವೆಬ್ ಸರ್ವರ್‌ನಲ್ಲಿ ಇಡಲು ಮನಸ್ಸು ಬರದಿದ್ದರೆ _ಆಕ್ಮೆ-ಚಾಲೆಂಜ್.ಕಲಿಕೆ ಎಂಬ ಹೆಸರನ್ನು ಸಿನೇಮ್ (ಒಂದು ಹೆಸರಿಂದ ಇನ್ನೊಂದಕ್ಕೆ ಕೈ ತೋರಿಸುವ ರೆಕಾರ್ಡ್) ಮೂಲಕ ಬೇರೊಂದು ಪುಟ್ಟ ಡೊಮೈನಿಗೆ ತೋರಿಸಿ, ಟೋಕನ್ ಅದಕ್ಕಷ್ಟೇ ಕೊಡಿ. ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಯಾವ ಸಿಎ ಸರ್ಟಿಫಿಕೇಟ್ ಕೊಡಬಹುದು ಎಂದು ಹೇಳುವ ಸಿಎಎ ರೆಕಾರ್ಡ್ ನಿಮ್ಮ ಡೊಮೈನಿಗೆ ಇದ್ದರೆ ಅದನ್ನೂ ನೋಡಿ. 'ಇಷ್ಯೂವೈಲ್ಡ್' ಎಂಬ ಸಾಲು ಇದ್ದರೆ ವೈಲ್ಡ್‌ಕಾರ್ಡಿಗೆ ಅದೇ ಲೆಕ್ಕ, 'ಇಷ್ಯೂ' ಸಾಲಲ್ಲ. ನಮ್ಮಲ್ಲಿ ಹಳಬರು ಯಾರೋ ವೈಲ್ಡ್‌ಕಾರ್ಡೇ ಬೇಡವೆಂದು ಬರೆದಿಟ್ಟು ಹೋಗಿದ್ದರು.

ಎರಡನ್ನೂ ಒಂದೇ ಎಂಜಿನ್‌ಎಕ್ಸ್ ನಡೆಸುವುದಾದರೆ ಅದರಲ್ಲಿ ಎರಡು ಸರ್ವರ್ ಬ್ಲಾಕ್ ಮಾಡಿ, ಒಂದಕ್ಕೆ *.ಎಕ್ಸಾಂಪಲ್.ಕಾಂ, ಇನ್ನೊಂದಕ್ಕೆ *.ಕಲಿಕೆ.ಎಕ್ಸಾಂಪಲ್.ಕಾಂ. ಗದಗ.ಕಲಿಕೆ ಎರಡಕ್ಕೂ ಹೊಂದುತ್ತದಲ್ಲ ಎಂದು ಹೆದರಬೇಡಿ. ಎರಡು ನಕ್ಷತ್ರದ ಹೆಸರು ಹೊಂದಿದರೆ ಉದ್ದದ್ದನ್ನೇ ಅದು ಆರಿಸಿಕೊಳ್ಳುತ್ತದೆ.

ಎರಡು ತಿಂಗಳಿಗೊಮ್ಮೆ ಮಾಯವಾಗುತ್ತಿದ್ದ ಸೈಟ್

ಎಲ್ಲ ಸರಿಯಾಯಿತು ಎಂದುಕೊಂಡಿದ್ದೆ. ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ನರಗುಂದದಿಂದ ಫೋನ್, ಕಲಿಕೆಯ ಸೈಟ್ ಸಿಗುತ್ತಿಲ್ಲ ಎಂದು. ಕೆಂಪು ಪರದೆಯಲ್ಲ, 'ಅಂಥ ವಿಳಾಸವೇ ಇಲ್ಲ'. ನಾನು ನೋಡುವಷ್ಟರಲ್ಲಿ ಸರಿಯಾಗಿತ್ತು. ನೆಟ್ ಹೋಗಿರಬೇಕು ಅಂದೆ. ಮತ್ತೆ ಎರಡು ತಿಂಗಳಿಗೆ ಕುಂದಗೋಳದಿಂದ ಅದೇ ದೂರು. ಮೂರನೆಯ ಸಲ ನನ್ನ ಲ್ಯಾಪ್‌ಟಾಪಿನಲ್ಲೇ ಆಯಿತು, ಸುಮಾರು ಒಂದು ಗಂಟೆ. ಲಾಗ್ ತೆಗೆದು ನೋಡಿದರೆ ಮೂರೂ ಸಲ ಅದಕ್ಕೆ ಸ್ವಲ್ಪ ಮೊದಲು ಸರ್ಟ್‌ಬಾಟ್ ಸರ್ಟಿಫಿಕೇಟ್ ರಿನ್ಯೂ ಮಾಡಿತ್ತು. 90 ದಿನದ ಸರ್ಟಿಫಿಕೇಟ್, 30 ದಿನ ಉಳಿದಾಗ ರಿನ್ಯೂ, ಅಂದರೆ 60 ದಿನಕ್ಕೊಮ್ಮೆ.

ಹಾವೇರಿಯ ಲೆಕ್ಕ ನೆನಪಿದೆಯಲ್ಲ? ಗದಗ.ಕಲಿಕೆ, ನರಗುಂದ.ಕಲಿಕೆ ಎಂಬ ಹೆಸರುಗಳಿಗೆ ಡಿಎನ್‌ಎಸ್‌ನಲ್ಲಿ ನಾನು ಏನೂ ಹಾಕಿರಲಿಲ್ಲ, *.ಎಕ್ಸಾಂಪಲ್.ಕಾಂ ಎಂಬ ರೆಕಾರ್ಡೇ ಎರಡು ಮೆಟ್ಟಿಲು ಇಳಿದು ಉತ್ತರ ಕೊಡುತ್ತಿತ್ತು. ರಿನ್ಯೂ ಮಾಡುವಾಗ ಸರ್ಟ್‌ಬಾಟ್ _ಆಕ್ಮೆ-ಚಾಲೆಂಜ್.ಕಲಿಕೆ ಎಂಬ ಟಿಎಕ್ಸ್‌ಟಿ ಹಾಕುತ್ತದೆ. ಆ ಹೆಸರು ಹುಟ್ಟಿದ ಕ್ಷಣ ಅದರ ತಾಯಿಯಾದ 'ಕಲಿಕೆ' ಕೂಡ ಡಿಎನ್‌ಎಸ್ ಪಾಲಿಗೆ ಇರುವ ಹೆಸರಾಗುತ್ತದೆ, ಅದಕ್ಕೆ ಸ್ವಂತ ರೆಕಾರ್ಡ್ ಒಂದೂ ಇಲ್ಲದಿದ್ದರೂ. ಇರುವ ಹೆಸರಿನ ಕೆಳಕ್ಕೆ ಮೇಲಿನ ನಕ್ಷತ್ರ ಇಳಿಯುವುದಿಲ್ಲ. ಆ ಒಂದೆರಡು ನಿಮಿಷ ನರಗುಂದ.ಕಲಿಕೆ ಕೇಳಿದವರಿಗೆಲ್ಲ 'ಇಲ್ಲ' ಎಂಬ ಉತ್ತರ. ಕೆಲಸ ಮುಗಿದ ಮೇಲೆ ಸರ್ಟ್‌ಬಾಟ್ ಟಿಎಕ್ಸ್‌ಟಿ ಅಳಿಸುತ್ತದೆ, 'ಕಲಿಕೆ' ಮತ್ತೆ ಇಲ್ಲವಾಗುತ್ತದೆ, ಸೈಟ್ ಸಿಗುತ್ತದೆ. ಆದರೆ ಆ 'ಇಲ್ಲ' ಎಂಬುದನ್ನು ಕೇಳಿಸಿಕೊಂಡ ರಿಸಾಲ್ವರ್‌ಗಳು (ನಮ್ಮ ಪರವಾಗಿ ಡಿಎನ್‌ಎಸ್ ಕೇಳುವ ಸರ್ವರ್‌ಗಳು) ನೆನಪಿಟ್ಟುಕೊಳ್ಳುತ್ತವೆ. ನಮ್ಮ ಡೊಮೈನಿನ ಮೂಲ ವಿವರವಿರುವ ಎಸ್‌ಒಎ ರೆಕಾರ್ಡಿನಲ್ಲಿ ಅದಕ್ಕೆ ಬರೆದಿದ್ದ ಕಾಲ 3600 ಸೆಕೆಂಡು. ಆ ಒಂದು ಗಂಟೆ ಬಂದದ್ದು ಅಲ್ಲಿಂದ.

ಪರಿಹಾರ ಎರಡೇ ಸಾಲು. *.ಕಲಿಕೆ.ಎಕ್ಸಾಂಪಲ್.ಕಾಂ ಎಂದು ಡಿಎನ್‌ಎಸ್‌ನಲ್ಲೂ ಎ ರೆಕಾರ್ಡ್ ಹಾಕಿ, ಜೊತೆಗೆ ಕಲಿಕೆ.ಎಕ್ಸಾಂಪಲ್.ಕಾಂಗೂ ಒಂದು. ಸರ್ಟಿಫಿಕೇಟಿನಲ್ಲಿ ಮೆಟ್ಟಿಲಿಗೊಂದು ನಕ್ಷತ್ರ ಬರೆದಿದ್ದೀರಲ್ಲ, ಡಿಎನ್‌ಎಸ್‌ನಲ್ಲೂ ಹಾಗೇ ಬರೆಯಿರಿ. ಅದಾದ ಮೇಲೆ ಆ ಫೋನ್ ಬಂದಿಲ್ಲ.

ನೋಡಿಕೊಳ್ಳುವುದು

ಬ್ರೌಸರ್‌ನಲ್ಲಿ ಬೀಗದ ಗುರುತು ನೋಡಿ ಬಿಡಬೇಡಿ. ಟರ್ಮಿನಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಕಮಾಂಡ್ ಬಳಸಿ, 'ಸರ್ವರ್‌ನೇಮ್' ಆಪ್ಷನ್‌ನಲ್ಲಿ ಪೂರ್ತಿ ಹೆಸರು ಕೊಟ್ಟು, ಬಂದ ಸರ್ಟಿಫಿಕೇಟಿನ ಎಸ್‌ಎಎನ್ ಪಟ್ಟಿ ಓದಿ. ಸರ್ವರ್‌ನೇಮ್ ಕೊಡದಿದ್ದರೆ ಆ ಐಪಿಯ ಡೀಫಾಲ್ಟ್ ಸರ್ಟಿಫಿಕೇಟ್ ಬಂದು ದಾರಿ ತಪ್ಪಿಸಬಹುದು. ಕರ್ಲ್ ಬಳಸುವುದಾದರೆ ಆ 'ಕೆ' ಬಿಡಿ. ನಾನು ಬಿಟ್ಟಿದ್ದೇನೆ.

ರಿನ್ಯೂ ಆದ ಮೇಲೆ ಎಂಜಿನ್‌ಎಕ್ಸ್‌ಗೆ ರೀಲೋಡ್ ಹೇಳುವ ಹುಕ್ ಹಾಕಿದ್ದೀರಾ ನೋಡಿ, ಇಲ್ಲದಿದ್ದರೆ ಡಿಸ್ಕ್‌ನಲ್ಲಿ ಹೊಸದು, ಮೆಮೊರಿಯಲ್ಲಿ ಹಳೆಯದು. ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವಧಿ ಮುಗಿಯುವ ಮುನ್ನ ಮೇಲ್ ಕಳಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದರು, ಆ ಕಾವಲು ಈಗ ನಿಮ್ಮದೇ. ದುಡ್ಡು ಕೊಟ್ಟು ತರುವವರಿಗೂ ವರ್ಷಕ್ಕೊಮ್ಮೆ ಕೈಯಿಂದ ಹಾಕುವ ಕಾಲ ಮುಗಿಯಿತು. ಸಿಎ/ಬ್ರೌಸರ್ ಫೋರಂನ 2025ರ ತೀರ್ಮಾನದಂತೆ ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47.

ಹಳೆಯ ಹೆಸರಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿ ಕೈ ತೊಳೆದುಕೊಳ್ಳಬಹುದು ಎಂದುಕೊಂಡರೆ, ಅದಕ್ಕೂ ಸರ್ಟಿಫಿಕೇಟ್ ಬೇಕು. ಬ್ರೌಸರ್ ಮೊದಲು ಹಳೆಯ ಹೆಸರಿನ ಸರ್ಟಿಫಿಕೇಟ್ ಪರೀಕ್ಷಿಸಿ, ಒಪ್ಪಿಗೆಯಾದ ಮೇಲಷ್ಟೇ 'ಅಲ್ಲಿಗೆ ಹೋಗು' ಎಂಬ ಮಾತನ್ನು ಕೇಳಿಸಿಕೊಳ್ಳುತ್ತದೆ. ಗದಗದ ಕಾರ್ಯದರ್ಶಿಗಳು ಕಲಿಕೆ.ಗದಗ ಎಂಬುದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡಿದ್ದಾರೆ, ಹೊಸ ವಿಳಾಸ ಎರಡು ಸಲ ಹೇಳಿದೆ. "ಹಳೇದ ಛಲೋ ಐತ್ರಿ, ನಡೀತೈತಿ, ಬಿಡ್ರಿ" ಅಂದರು. ಆ ಸೋಮವಾರ ತೇಪೆ ಹಾಕಿದ ಒಂಟಿ ಸರ್ಟಿಫಿಕೇಟ್ ಅವರೊಬ್ಬರಿಗಾಗಿ ಇನ್ನೂ 60 ದಿನಕ್ಕೊಮ್ಮೆ ರಿನ್ಯೂ ಆಗುತ್ತಲೇ ಇದೆ.